ಮನೆ ಅಗ್ಗ, ಕರಿಬೇವು ದೂರ

ನ್ಯೂಜೆರ್ಸಿಯ ಬಾಡಿಗೆ ಕಟ್ಟಿ ಸುಸ್ತಾದ ನಮ್ಮ ಭಾವಮೈದನ ಕಣ್ಣು ಈಗ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿಯ ಮೇಲೆ. ಕಾರಿನ ದುಡ್ಡಿಗೆ ಮನೆಯೇ ಬರುತ್ತದಂತೆ. ಬರದೇನು? ಕಲ್ಲಿದ್ದಲಿನ ದರ್ಬಾರು ನಡೆಯುತ್ತಿದ್ದ 1950ರಲ್ಲಿ ಅಲ್ಲಿ ಲಕ್ಷದ ಹತ್ತಿರ ಜನ. 2020ರ ಗಣತಿಗೆ ಸುಮಾರು 19 ಸಾವಿರ. ಗಣಿಗೆ ಯಂತ್ರ ಬಂತು, ಜನ ಗಂಟುಮೂಟೆ ಕಟ್ಟಿದರು, ಮನೆಗಳು ಕಟ್ಟಿಕೊಂಡು ಹೋಗಲಾಗದೆ ಉಳಿದವು.

“ಕೆಲಸ ಮನೆಯಿಂದಲೇ ತಾನೆ, ಭಾವ?” ಅನ್ನುತ್ತಾನೆ. ಇಂಟರ್ನೆಟ್ಟು ಬೆಟ್ಟ ಹತ್ತಿ ಬರಬೇಕಲ್ಲ! ನಲ್ಲಿ ನೀರು ಕಾಯಿಸಿ ಕುಡಿಯಿರಿ ಎನ್ನುವ ಸೂಚನೆಯೂ ಆ ಕಡೆಯವರಿಗೆ ಹೊಸದಲ್ಲ. ಅದೇ ಕೌಂಟಿಯ ಕಿಂಬಲ್ ಊರಿನಲ್ಲಿದ್ದ ವಾಲ್‌ಮಾರ್ಟೇ 2016ರಲ್ಲಿ ಬಾಗಿಲು ಹಾಕಿತು. ಇನ್ನು ಇವನಿಗೆ ಕರಿಬೇವು, ಇಡ್ಲಿ ಅಕ್ಕಿ ಯಾರು ತಂದಿಟ್ಟಿರುತ್ತಾರೆ? ನೆರೆಹೊರೆಯವರು ಮಾತ್ರ ಚಿನ್ನದಂಥವರು ಅನ್ನುತ್ತಾನೆ: ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಕರೆಯದೆಯೇ ಬಂದು ತಳ್ಳುತ್ತಾರಂತೆ. ನಂಬುತ್ತೇನೆ. ಆದರೆ ಸಿಕ್ಕಿಕೊಳ್ಳಲೆಂದೇ ಹೋಗಬೇಕೆ?

ಅವನ ಹೆಂಡತಿಯ ಲೆಕ್ಕವೇ ಬೇರೆ. “ಮನೆ ತಗೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಇನ್ನೊಂದು ಕಾರು, ಜನರೇಟರ್, ದೊಡ್ಡ ಫ್ರೀಜರ್, ಸೋರುವ ಸೂರಿಗೊಬ್ಬ ಮೇಸ್ತ್ರಿ. ನಡುರಾತ್ರಿ ಮಗೂಗೆ ಜ್ವರ ಬಂದ್ರೆ ಬೆಟ್ಟ ಇಳಿಸೋರು ಯಾರು ಅಂತ ಅದ್ರ ಕೆಳಗೆ ಬರೀರಿ.”

ಭಾವಮೈದ ಬರೆದ, ಕೂಡಿದ, ಕ್ಯಾಲ್ಕುಲೇಟರನ್ನು ಆಡಲು ಮಗುವಿನ ಕೈಗೆ ಕೊಟ್ಟ.