ಫೆಬ್ರವರಿ ತಿಂಗಳಿಗೊಂದು ಬಹಿರಂಗ ಪತ್ರ

ಪ್ರಿಯ ಫೆಬ್ರವರಿ,

ನಿನ್ನ ಬಡ್ತಿಗೆ ಅಭಿನಂದನೆ. ತಿಂಗಳುಗಳ ಸಾಲಿನಲ್ಲಿ ಕುಳ್ಳ ಎಂದು ಎಲ್ಲರೂ ನಿನ್ನನ್ನು ಹಂಗಿಸುತ್ತಿದ್ದ ಕಾಲ ಮುಗಿಯಿತು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕರ್ನಾಟಕದ ಸಂಬಳದಾರರು ಉಳಿದ 11 ತಿಂಗಳು 200 ರೂಪಾಯಿ ವೃತ್ತಿ ತೆರಿಗೆ ಕಟ್ಟಿದರೆ, ನಿನ್ನ ಪಾಲಿಗೆ 300. ದುಡಿಯುವ ದಿನ ಕಡಿಮೆ, ಕಟ್ಟುವ ತೆರಿಗೆ ಹೆಚ್ಚು. ಇಂಥ ಮರ್ಯಾದೆ ಹಬ್ಬಗಳಿರುವ ಅಕ್ಟೋಬರಿಗೂ ಸಿಕ್ಕಿಲ್ಲ.

ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 1988ರ ತಿದ್ದುಪಡಿಯಲ್ಲಿ ಬಂದ ಆ ಅಂಕಿ ಇನ್ನೂ ಅಲ್ಲೇ ಕೂತಿದೆ. ನಾವು ಕಟ್ಟುತ್ತಿದ್ದದ್ದು 2,400. ಉಳಿದ ನೂರು ರೂಪಾಯಿ ಪ್ರಜೆಯ ಜೇಬಿನಲ್ಲೇ ಉಳಿಯುತ್ತಿದೆಯಲ್ಲ ಎಂಬ ಸಂಕಟದಲ್ಲಿ ವಿಧಾನಸೌಧಕ್ಕೆ ಎಷ್ಟು ರಾತ್ರಿ ನಿದ್ದೆ ಕೆಟ್ಟಿತೋ! ಹನ್ನೆರಡು ತಿಂಗಳಿಗೂ ಹಂಚಿದರೆ ಪೈಸೆ ಲೆಕ್ಕದ ಕಾಟ. ಅದಕ್ಕೆ ಬಾಯಿಲ್ಲದ ನಿನ್ನ ತಲೆಗೇ ಕಟ್ಟಿದರು.

ತಿಂಗಳಿಗೆ 25,000 ರೂಪಾಯಿ ಎಣಿಸುವ ಗುಮಾಸ್ತನೂ ಕಟ್ಟುವುದು 2,500, ಐದು ಲಕ್ಷ ಎಣಿಸುವ ಕಂಪನಿ ಮ್ಯಾನೇಜರನೂ ಕಟ್ಟುವುದು 2,500. ಸಮಾನತೆ ಇನ್ನೆಲ್ಲಿ ಬಂತೋ ಇಲ್ಲವೋ, ವೃತ್ತಿ ತೆರಿಗೆಯಲ್ಲಂತೂ ಬಂದಿದೆ. ಆ ಮಿತಿ ಏರಿಸಿ ಹೆಚ್ಚು ಸಂಬಳದವರಿಂದ ಹೆಚ್ಚು ಪಡೆಯೋಣವೆಂದರೆ ಸಂಸತ್ತೇ ತಿದ್ದಬೇಕು. ಅದು ದೂರದ ಕೆಲಸ. ನೀನು ಹತ್ತಿರದಲ್ಲಿದ್ದೆ.

ನಿಜ ಹೇಳಬೇಕೆಂದರೆ ರಾಜ್ಯದ ಕಷ್ಟ ಸುಳ್ಳಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬೊಕ್ಕಸದ ಬೀಗದ ಕೈಗಳಲ್ಲಿ ಬಹುಪಾಲು ದೆಹಲಿಗೆ ಹೋದವು. ಅದರ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರ 2022ರ ಜೂನ್‌ಗೆ ನಿಂತಿತು. ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಪೆಟ್ರೋಲು, ಡೀಸೆಲ್ಲು, ಮದ್ಯ, ನೋಂದಣಿಯಂಥವು. 2024ರ ಫೆಬ್ರವರಿಯಲ್ಲಿ, ಅಂದರೆ ನಿನ್ನ ಕಣ್ಣೆದುರೇ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂತ್ರಿಮಂಡಲ ಸಮೇತ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ದೆಹಲಿ ಜಗ್ಗಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಬಿತ್ತು.

ಮುಹೂರ್ತ ಇಡುವುದರಲ್ಲಿ ಮಾತ್ರ ನಮ್ಮವರನ್ನು ಮೆಚ್ಚಬೇಕು. 2024ರ ಜೂನ್ 4ಕ್ಕೆ ಲೋಕಸಭೆಯ ಫಲಿತಾಂಶ, 15ಕ್ಕೆ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ! ಡೀಸೆಲ್ಲನ್ನು ಮರುವರ್ಷ ಇನ್ನೊಮ್ಮೆ ಏರಿಸಿದರು. ಮನೆ, ಸೈಟು ಕೊಳ್ಳುವವರ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ ಶೇ 2 ಆಯಿತು. ಕುಡುಕರ ವಿಷಯ ಬಿಡು, ಅವರ ತ್ಯಾಗದ ಬಗ್ಗೆ ನಗೆಹನಿಗಳು ಬೇಕಾದಷ್ಟಿವೆ.

ಇದೆಲ್ಲ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಬಂದದ್ದು ಎಂದು ಕಿವಿ ಚುಚ್ಚುವವರಿದ್ದಾರೆ. 2025-26ರ ಬಜೆಟ್‌ನಲ್ಲಿ ಅವಕ್ಕೆ 51,000 ಕೋಟಿಗೂ ಹೆಚ್ಚು ಇಟ್ಟಿದ್ದಾರೆ, ಸಣ್ಣ ಮೊತ್ತವಲ್ಲ. ಆದರೂ ತಿಂಗಳಿಗೆ 2,000 ರೂಪಾಯಿ ಬಂದು ಮನೆಯ ಯಜಮಾನಿಯ ಕೈಯಲ್ಲಿ ಸ್ವಂತ ದುಡ್ಡು ಆಡುತ್ತಿದ್ದರೆ ನನಗೇನೂ ಹೊಟ್ಟೆಯುರಿಯಿಲ್ಲ. ಉರಿಯುವುದು ಬಿಲ್ಲನ್ನು ಬಚ್ಚಿಡುವ ರೀತಿಗೆ. ಕೊಡುವಾಗ ಊರಿಡೀ ಫ್ಲೆಕ್ಸು, ವಸೂಲಿ ಮಾಡುವಾಗ ರಾತ್ರೋರಾತ್ರಿ ಅಧಿಸೂಚನೆ. ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ಟು ಉಚಿತ, ಪಕ್ಕದ ಸೀಟಿನ ಗಂಡನಿಗೆ 2025ರ ಜನವರಿಯಿಂದ ಶೇ 15 ಏರಿಕೆ. ಸಂಸಾರದ ಲೆಕ್ಕವನ್ನು ಸರ್ಕಾರ ಎಷ್ಟು ಚೆನ್ನಾಗಿ ಅರಿತಿದೆ, ನೋಡು.

ಕೊನೆಗೊಂದು ಗುಟ್ಟು. 2028ರಲ್ಲಿ ನಿನಗೆ ಒಂದು ದಿನ ಹೆಚ್ಚು ಸಿಗುತ್ತದೆ. ಹಣಕಾಸು ಇಲಾಖೆಗೆ ಸುಳಿವು ಕೊಡಬೇಡ. ವೃತ್ತಿ ತೆರಿಗೆಗೆ ಮಿತಿಯಿದೆ, ಒಪ್ಪಿದೆ. ಅಧಿಕ ದಿನದ ಸೆಸ್ಸಿಗೆ ಇದೆಯೇ?

ಇಂತಿ ನಿನ್ನ,
ಸಂಬಳದ ಚೀಟಿ ನೋಡಿ ನಿಟ್ಟುಸಿರಿಡುವವ