ಆತ್ಮಾವಲೋಕನದ ಉಪಾಧ್ಯಕ್ಷರು

ಪಕ್ಷ ಗೆದ್ದಾಗ ನಮ್ಮ ತಾಲ್ಲೂಕಿನ ಉಪಾಧ್ಯಕ್ಷರನ್ನು ಯಾರೂ ವಿಚಾರಿಸುವುದಿಲ್ಲ. ಹಾರ, ಪಟಾಕಿ, ತೆರೆದ ಜೀಪು ಎಲ್ಲ ಅಧ್ಯಕ್ಷರ ಪಾಲು. ಸೋತಾಗ ನೋಡಬೇಕು ಇವರ ಕಳೆ! ಅಧ್ಯಕ್ಷರು ಫೋನ್ ಸ್ವಿಚ್ ಆಫ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿರುತ್ತಾರೆ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಆತ್ಮಾವಲೋಕನ ಸಭೆ ನಡೆಸುವ ಭಾರ ಇವರ ತಲೆಗೆ ಬರುತ್ತದೆ. ಗಂಜಿ ಹಾಕಿದ ಬಿಳಿ ಷರಟು ತೊಟ್ಟು, ಮೈಕನ್ನು ಎರಡು ಸಲ ತಟ್ಟಿ ಶುರು ಮಾಡುತ್ತಾರೆ: "ನಮ್ಮ ಕೆಲಸದಲ್ಲಿ ಏನೂ ಕೊರತೆ ಇರ್ಲಿಲ್ಲ. ಜನಕ್ಕೆ ತಲುಪಿಸೋದ್ರಲ್ಲಿ ಎಡವಿದ್ವಿ, ಅಷ್ಟೆ."

2018ರಲ್ಲಿ ಅವರು ಕಾಂಗ್ರೆಸ್ಸಿನಲ್ಲಿದ್ದರು. 122 ಸ್ಥಾನದ ಪಕ್ಷ 80ಕ್ಕೆ ಇಳಿದಿತ್ತು. ಅನ್ನಭಾಗ್ಯ, ಕ್ಷೀರಭಾಗ್ಯ, ಇಂದಿರಾ ಕ್ಯಾಂಟೀನು ಎಂದು ಬೆರಳು ಮಡಿಸುತ್ತಾ ಹೋಗಿ, "ಇಷ್ಟೆಲ್ಲ ಕೊಟ್ವಿ, ಜನಕ್ಕೆ ಗೊತ್ತೇ ಆಗ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ಆಳಿಗೆ ಏಳು ಕೆಜಿಯಂತೆ ಬಂದ ಅಕ್ಕಿಯನ್ನು ಬೇಯಿಸಿ ಉಂಡವರಿಗೆ ಅಕ್ಕಿ ಬಂದದ್ದು ಗೊತ್ತಾಗಲಿಲ್ಲವೇ ಎಂದು ಯಾರೂ ಬಾಯಿಬಿಡಲಿಲ್ಲ. ಲೆಕ್ಕದಲ್ಲಿ ಮಾತ್ರ ಅವರನ್ನು ಹಿಡಿಯುವಂತಿಲ್ಲ: ಕಾಂಗ್ರೆಸ್ಸಿಗೆ ಬಿದ್ದ ಮತ ಶೇ. 38, 104 ಸ್ಥಾನ ಗೆದ್ದ ಬಿಜೆಪಿಗೆ ಶೇ. 36. "ಹಾಗೆ ನೋಡಿದ್ರೆ ನಾವು ಸೋತೇ ಇಲ್ಲ" ಎಂದು ಉಪ್ಪಿಟ್ಟು ಹಂಚಲು ಸನ್ನೆ ಮಾಡಿದರು.

ಆಮೇಲೆ ಸರ್ಕಾರ ಬದಲಾಯಿತು, ಅವರ ಅಂತರಾತ್ಮವೂ ಕರೆಕೊಟ್ಟಿತು. 2023ರ ಸೋಲಿನ ಹೊತ್ತಿಗೆ ಅವರು ಬಿಜೆಪಿಯ ಉಪಾಧ್ಯಕ್ಷರು. ಮಂಟಪ ಅದೇ, ಮೈಕೂ ಅದೇ, ಹೆಗಲ ಮೇಲಿನ ಶಾಲು ಮಾತ್ರ ಬೇರೆ. "ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಪುಕ್ಕಟೆ! ನಮ್ಮ ಪ್ರಣಾಳಿಕೆ ಮನೆಮನೆಗೆ ತಲುಪಿದ್ರೆ ಕಥೆನೇ ಬೇರೆ ಇತ್ತು." ಸಿಲಿಂಡರಿಗೆ ಸಾವಿರದ ನೂರು ದಾಟಿದ ಸುದ್ದಿ ಒಂದು ಫ್ಲೆಕ್ಸಿನ ಖರ್ಚೂ ಇಲ್ಲದೆ ಎಲ್ಲ ಅಡುಗೆಮನೆಗೂ ತಲುಪಿತ್ತು, ಏಳು ಕೆಜಿ ಅಕ್ಕಿ ಐದಕ್ಕಿಳಿದ ಸುದ್ದಿಯೂ ಹಾಗೆಯೇ. "ಅವ್ರು ಗೆದ್ದಿದ್ದು ಗ್ಯಾರಂಟಿ ಕಾರ್ಡಿಂದ ಕಣ್ರೀ, ನಾವೂ ಒಂದು ಕಾರ್ಡ್ ಹೊಡೆಸ್ಬೇಕಿತ್ತು" ಎಂದರು. ಕಾರ್ಡಿನ ಅಳತೆ ಎಷ್ಟಿರಬೇಕು, ಲ್ಯಾಮಿನೇಷನ್ ಬೇಕೋ ಬೇಡವೋ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಆ ಕಾರ್ಡಿನ ಮೇಲೆ ಬರೆದಿದ್ದ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಮಾತೇ ಏಳಲಿಲ್ಲ. ಊರಿನ ಪ್ರಿಂಟಿಂಗ್ ಪ್ರೆಸ್ ಅವರ ಬಾಮೈದನದು ಎಂಬುದನ್ನು ನಾನು ಸುಮ್ಮನೆ ಹೇಳಿದೆ. ಸ್ಥಾನ 66ಕ್ಕೆ ಬಿದ್ದಿದ್ದರೂ ಮತ ಅದೇ ಶೇ. 36 ಇದ್ದದ್ದರಿಂದ ಆ ಸಲವೂ ಅವರು ಸೋಲಲಿಲ್ಲ.

ಉಪಾಧ್ಯಕ್ಷರನ್ನು ಪೆದ್ದರು ಅಂದುಕೊಂಡೀರಿ. ಯೋಜನೆ ತಪ್ಪಿತು ಎಂದರೆ ಯಾರದು ಎಂದು ಕೇಳುತ್ತಾರೆ. ಟಿಕೆಟ್ ತಪ್ಪಾಯಿತು ಎಂದರೆ ಕೊಟ್ಟವರು ಬೆಂಗಳೂರಿನಿಂದ ಫೋನ್ ಮಾಡುತ್ತಾರೆ. ಪ್ರಚಾರ ಸಾಲಲಿಲ್ಲ ಎಂದರೆ ಯಾರ ಕುರ್ಚಿಯೂ ಅಲುಗುವುದಿಲ್ಲ, ಮುಂದಿನ ಸಲಕ್ಕೆ ಒಂದಿಷ್ಟು ಹೆಚ್ಚು ದುಡ್ಡೂ ಬರುತ್ತದೆ. ಇದೇ ಮನುಷ್ಯ ಗೆದ್ದ ವರ್ಷ ಪ್ರಚಾರದಿಂದ ಗೆದ್ದೆವು ಎಂದದ್ದನ್ನು ನಾನು ಕೇಳಿಲ್ಲ. ಆಗೆಲ್ಲ ನಾಯಕರ ದೂರದೃಷ್ಟಿ.

2024ಕ್ಕೆ ಅವರು ಮರಳಿ ಕಾಂಗ್ರೆಸ್ಸಿನ ಉಪಾಧ್ಯಕ್ಷರು. ಗ್ಯಾರಂಟಿಗಳನ್ನೆಲ್ಲ ಕೊಟ್ಟೂ ಲೋಕಸಭೆಯ 28ರಲ್ಲಿ ಸಿಕ್ಕಿದ್ದು 9. "ತಲುಪಿಸೋದ್ರಲ್ಲಿ..." ಎಂದು ಅವರು ಶುರು ಮಾಡುವಷ್ಟರಲ್ಲಿ ಹಿಂದಿನ ಸಾಲಿನಿಂದ ಬೂತ್ ಮಟ್ಟದ ಹುಡುಗನೊಬ್ಬ ಎದ್ದು ನಿಂತ. "ಅಣ್ಣ, ಎಲ್ಲಾ ತಲುಪೈತೆ. ನಮ್ಮೂರ ಹೆಂಗಸ್ರು ಫ್ರೀ ಬಸ್ಸಲ್ಲೇ ಬಂದು ಅವ್ರಿಗೆ ಓಟ್ ಹಾಕವ್ರೆ. ಬೇರೆ ಏನೋ ಬೇಕಾಗೈತೆ ಜನಕ್ಕೆ, ಕೇಳ್ಬೇಕಿತ್ತು."

ಉಪಾಧ್ಯಕ್ಷರು ಒಂದು ಕ್ಷಣ ಮೈಕನ್ನೇ ನೋಡಿದರು. "ಯುವಕರ ಸಲಹೆ ಸ್ವಾಗತಾರ್ಹ. ಟೀ ಬಂತು, ಟೀ ತಗೊಳ್ಳಿ."

ಮುಂದಿನ ಸಭೆಯಲ್ಲಿ ಹುಡುಗ ಕಾಣಲಿಲ್ಲ. ವಿಚಾರಿಸಿದೆ. "ಎಲ್ಲರಿಗೂ ಹೇಳಿ ಕಳಿಸಿದ್ದೆ ಸ್ವಾಮಿ," ಎಂದರು ಉಪಾಧ್ಯಕ್ಷರು. "ಅವನಿಗೆ ತಲುಪಿಲ್ಲ ಅನ್ಸುತ್ತೆ."