ಸುರಗಿಗೆ ಸೆಲ್ಫಿ ಯೋಗವಿಲ್ಲ

ಫೆಬ್ರವರಿ ಕಳೆಯುವ ಹೊತ್ತಿಗೆ ಬೆಂಗಳೂರಿನಲ್ಲಿರುವ ನಮ್ಮ ಕುಂದಾಪ್ರದವರಿಗೆ ವಸಂತ ಮೈಮೇಲೆ ಬರುತ್ತದೆ. ಊರಿಂದ ಬಂದ ಅಪ್ಪಯ್ಯ, ಅಬ್ಬಿಯನ್ನು ಕಾರಿಗೆ ತುಂಬಿಕೊಂಡು, ಪಾರ್ಕಿಂಗಿಗಾಗಿ ಊರೆಲ್ಲ ಸುತ್ತಿ, ಕಬ್ಬನ್ ಪಾರ್ಕಿನ ಗುಲಾಬಿ ಮರವೊಂದರ ಬುಡದಲ್ಲಿ ತಂದು ನಿಲ್ಲಿಸುತ್ತಾರೆ. "ಕಾಣಿ, ಚೆರ್ರಿ ಬ್ಲಾಸಮ್! ಇನ್ನ್ ಜಪಾನಿಗೆ ಹೋಪುದೇ ಬ್ಯಾಡ."

ಜಪಾನಿಗೂ ಆ ಮರಕ್ಕೂ ಇರುವ ನಂಟು ಕೊಲ್ಲೂರಿಗೂ ಕೊಲಂಬೊಗೂ ಇರುವಷ್ಟೇ. ಅದು ಟಬೆಬೂಯಾ ರೋಸಿಯಾ. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ವೃಕ್ಷ, ಕುಲದಲ್ಲಿ ನಮ್ಮ ಆಕಾಶಮಲ್ಲಿಗೆಯ ದಾಯಾದಿ. ಲಾಲ್‌ಬಾಗನ್ನು 1908ರಿಂದ 1932ರವರೆಗೆ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಬೆಂಗಳೂರಿನ ಯಾವುದಾದರೊಂದು ಬೀದಿ ಹೂ ಬಿಟ್ಟಿರಲಿ ಎಂದು ಹಟ ಹಿಡಿದ. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಲಕ್ಷಗಟ್ಟಲೆ ಗಿಡ ನೆಡಿಸಿದರು. ಅವರು ಮರ ನೆಟ್ಟರು, ನಾವು ಅದರ ಕೆಳಗೆ ಮೊಬೈಲ್ ಸ್ಟ್ಯಾಂಡ್ ನೆಟ್ಟೆವು.

ಇದೇ ಹೊತ್ತಿಗೆ ಊರಲ್ಲಿ ಸುರಗಿ ಬಿಡುತ್ತದೆ. ಪಶ್ಚಿಮಘಟ್ಟದ ಅಪ್ಪಟ ಹುಟ್ಟುವಳಿ. ಆದರೆ ಅದರ ಮೇಲೆ ಆರೋಪಗಳು ಒಂದೆರಡಲ್ಲ. ಎಲೆಯ ಮರೆಯಲ್ಲಿ, ಹಳೆಯ ಕೊಂಬೆಗೇ ಅಂಟಿಕೊಂಡು ಅರಳುತ್ತದೆ. ಮರದ ಕೆಳಗೆ ನಿಂತವರ ಫೋಟೋದಲ್ಲಿ ಹೂವೇ ಬೀಳುವುದಿಲ್ಲ. ಬಣ್ಣ ಬಿಳಿ, ಅದಕ್ಕೆ ಲೈಕ್ ಕಡಿಮೆ. ಕೊಯ್ಯಬೇಕೆಂದರೆ ಬೆಳಗಿನ ಜಾವ ಮೊಗ್ಗು ಬಿರಿಯುವ ಮೊದಲೇ ಮರ ಹತ್ತಬೇಕು. ಆ ಹೊತ್ತಿಗೆ ನಾವು ಎದ್ದಿರುವುದಿಲ್ಲ, ಇನ್ನೂ ಮಲಗದೆ ಇರುತ್ತೇವೆ. ಒಣಗಿದ ಮೇಲೂ ಪೆಟ್ಟಿಗೆಯ ತಳದ ಸೀರೆಗೆ ಪರಿಮಳ ಹಿಡಿಸುತ್ತದೆ, ಹೌದು. ಪರಿಮಳವನ್ನು ಸ್ಟೇಟಸ್ಸಿಗೆ ಹಾಕುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಅಪರಾಧ, ಅದು ಅಜ್ಜನ ಕಾಲದಿಂದ ಹಿತ್ತಿಲಲ್ಲೇ ನಿಂತಿರುವುದು. ನೋಡಲು ಪೆಟ್ರೋಲ್ ಖರ್ಚಾಗದ ಮರವನ್ನು ಯಾರು ನೋಡುತ್ತಾರೆ?

ಹೀಗಾಗಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಸುರಗಿಗೆ ಮುಕ್ತಿ. ರಂಜೆ ಮರಕ್ಕೂ ಅದೇ ಗತಿ: ಬೆಳಿಗ್ಗೆ ಎದ್ದರೆ ಹೂವೆಲ್ಲ ನೆಲದ ಮೇಲೆ, ಗುಡಿಸುವವರು ಯಾರು? ಹೆದ್ದಾರಿಯಂತೂ ಉದಾರಿ. ನಂಬರ್ 17 ಇದ್ದದ್ದು 66 ಆಯಿತು, ಎರಡು ಪಥ ನಾಲ್ಕಾಯಿತು. ದಾರಿಬದಿಯ ಗೋಳಿಮರಗಳು ಮಾತ್ರ ಈ ಏರುವ ಲೆಕ್ಕದಲ್ಲಿ ಸೇರಲಿಲ್ಲ.

2018ರಲ್ಲಿ ಬೈಂದೂರು, ಬ್ರಹ್ಮಾವರಗಳೂ ತಾಲೂಕಾದವು. ತಾಲೂಕೆಂದ ಮೇಲೆ ಪೇಟೆಯ ಕಳೆ ಬೇಡವೆ? ಪೇಟೆಯೆಂದರೆ ಪಾರ್ಕು, ಪಾರ್ಕೆಂದರೆ ಗುಲಾಬಿ ಮರ. "ಮರವಂತೆಯ ಕಡಲ ದಂಡೆಗುಂಟ ಚೆರ್ರಿ ನೆಟ್ಟರೆ ಪ್ರವಾಸೋದ್ಯಮ ಎಲ್ಲಿಗೋ ಹೋಗುತ್ತದೆ" ಎಂಬ ಸಲಹೆ ಮೊನ್ನೆ ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಕಿವಿಗೂ ಬಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಜಾಗವಿದು. ಅಷ್ಟು ಸಾಲದೆಂದು ಜಪಾನು ಬೇರೆ. ಅಸಲಿ ಚೆರ್ರಿಗೆ ಹೂ ಬಿಡಲು ಚಳಿಗಾಲ ಬೇಕು. ನಮ್ಮಲ್ಲಿ ಚಳಿಯೆಂದರೆ ಜನವರಿ ಬೆಳಿಗ್ಗೆ ಫ್ಯಾನು ಒಂದು ನಂಬರ್ ಇಳಿಸುವುದು.

ಸಲಹೆ ಕೊಟ್ಟ ಮಹನೀಯರು ಅಷ್ಟಕ್ಕೇ ಬಿಡಲಿಲ್ಲ, ತಮ್ಮ ಅಂಗಳಕ್ಕೆ ಟಬೆಬೂಯಾವಾದರೂ ಇರಲಿ ಎಂದು ನರ್ಸರಿಗೆ ಹೋದರು. ಹೂ ಬಿಡುವ ಮೊದಲು ಇದು ಎಲೆಯನ್ನೆಲ್ಲ ಉದುರಿಸಿ ಬೋಳಾಗುತ್ತದೆ ಎಂದ ನರ್ಸರಿಯವ. ಇವರ ಮುಖವೂ ಬೋಳಾಯಿತು.

"ಅಷ್ಟೂ ಎಲಿ ಇಂಟರ್‌ಲಾಕಿನ್ ಮೇಲಾ?"

"ಹೌದ್. ಆಮೇಲ್ ಹೂಗೂ ಅಲ್ಲೇ ಬೀಳತ್."

ಈಗ ಅವರ ಗೇಟಿನ ಪಕ್ಕ ಎಲ್‌ಇಡಿ ದೀಪದ ಪ್ಲಾಸ್ಟಿಕ್ ಚೆರ್ರಿ ನಿಂತಿದೆ. ಮದುವೆ ಹಾಲಿನ ಡೆಕೋರೇಶನ್‌ನವರು ಕೊಟ್ಟದ್ದು. ಹನ್ನೆರಡು ತಿಂಗಳೂ ಹೂ, ಒಂದು ವರ್ಷ ಗ್ಯಾರಂಟಿ.